ಕೋಬೆಯ ಕೊನೆಯ ಡೋಸ್

ಸೂಜಿಯ ತುದಿ ನನ್ನ ಕುತ್ತಿಗೆಗೆ ತಾಗಿತ್ತು.

"ಜೋರಾಗಿ ಉಸಿರು ಬಿಟ್ರೂ ಚುಚ್ಚಿಬಿಡ್ತೀನಿ, ನೆಗೊರೊ!" ಎಂದರು ವಿಜ್ಞಾನಿ ಉಸಾಮಿ; ನಮಗೆಲ್ಲ 'ಸೆನ್ಸೇ', ಅಂದರೆ ಗುರುಗಳು.

ಸಿರಿಂಜಿನಲ್ಲಿ ಜೀವಂತ ವೈರಸ್. ವಿಯೆಟ್ನಾಮಿನ ಗುಹೆಯ ಬಾವಲಿಗಳಿಂದ ಬಂದದ್ದು.

ಅದನ್ನು ಹುಡುಕಿ ತಂದವಳು ಹ್ಯಾನೊಯ್‌ನ ಡಾಕ್ಟರ್ ಹಿಯೆನ್. ಈಗ ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿ ಅದೇ ವೈರಸ್‌ನಿಂದ ಸಾಯುತ್ತಿದ್ದಳು. ಅವಳನ್ನು ಉಳಿಸುವ ಔಷಧ ಉಳಿದಿದ್ದುದು ಒಂದೇ ಡೋಸ್...

ಅದು ಸೆನ್ಸೇಯ ಕಂಕುಳಲ್ಲಿದ್ದ ಫ್ಲಾಸ್ಕಿನಲ್ಲಿತ್ತು!

ನಾನು? ಹಳೇ ಪೊಲೀಸ್, ಈಗ ಇಲ್ಲಿನ ಕಾವಲಿನವನು. ಜಪಾನಿನ ಕೋಬೆಯ ಈ ಸಂಶೋಧನಾಲಯದಲ್ಲಿ ಮೀಟಿಂಗ್‌ಗಳಲ್ಲಿ ಬಗೆಹರಿಯದ್ದೆಲ್ಲ ಕೊನೆಗೆ ನನ್ನ ಬಳಿ ಬರುತ್ತದೆ.

"ಅವಳು ನಿಮ್ಮ ಜೊತೆಗಾರ್ತಿ, ಸೆನ್ಸೇ."

"ಜೊತೆಗಾರ್ತಿಯಂತೆ! ಈ ರೋಗ ಬಂದು ಬದುಕುಳಿದವರ ರಕ್ತ ತಂದಿದ್ದು ಅವಳು. ಅದರಿಂದ ಔಷಧ ಮಾಡಿದ್ದು ನಾನು. ಅವಳು ಎದ್ದು ಕೂತ್ರೆ ಅರ್ಧ ಹೆಸರು ಅವಳಿಗೆ. ಸತ್ರೆ, ತಲೆ ತಗ್ಗಿಸಿ ಒಂದು ನಿಮಿಷ ನಿಂತರಾಯ್ತು."

ಮೊಣಕೈಯಿಂದ ಅವರ ಪಕ್ಕೆಗೆ ಗುದ್ದಿದೆ.

ಸೂಜಿ ಸರಿಯಿತು. ಸೆನ್ಸೇ ಓಡಿದರು!

ಮೆಟ್ಟಿಲು ಇಳಿದರು. ನಾನು ಹಿಂದೆ. ಕಾರಿಡಾರ್. ಯಾರದೋ ಟ್ರಾಲಿ ಉರುಳಿತು. ಹೊರಗೆ ಕಾರು ಎಂಜಿನ್ ಆಫ್ ಮಾಡದೆ ಕಾಯುತ್ತಿತ್ತು. ನನ್ನ ಮಂಡಿ ಮುಷ್ಕರ ಹೂಡಿತು. ಅವರು ಬಾಗಿಲು ಮುಟ್ಟಿಯೇಬಿಟ್ಟರು...

ಅಲ್ಲಿ ನಿಂತರು.

ಜಪಾನಿನವರಿಗೆ ಹುಟ್ಟಿದಾಗಿನಿಂದ ಬಂದ ಅಭ್ಯಾಸ! ಒಳಗೆ ಮಾತ್ರ ತೊಡುವ ಚಪ್ಪಲಿಯಲ್ಲಿ ಹೊಸ್ತಿಲು ದಾಟಲು ಕಾಲು ಒಪ್ಪಲಿಲ್ಲ. ಸೆನ್ಸೇ ಒಂಟಿಕಾಲಲ್ಲಿ ನಿಂತು ಶೂ ತಡಕಾಡಿದರು. ಕಳ್ಳತನಕ್ಕೆ ನಾಚದ ಮನುಷ್ಯ, ಚಪ್ಪಲಿಗೆ ನಾಚಿದರು.

ಆ ಒಂಟಿಕಾಲಿಗೆ ಒದ್ದೆ.

ಫ್ಲಾಸ್ಕ್ ನನ್ನ ಕೈಗೆ ಬಂತು. ಸೆನ್ಸೇ ನೆಲಕ್ಕೆ ಬಿದ್ದರು. ಸಿರಿಂಜ್ ಅವರ ತೊಡೆಗೇ ಚುಚ್ಚಿಕೊಂಡು ಪೂರ್ತಿ ಖಾಲಿಯಾಗಿತ್ತು.

ಅವರು ಅದನ್ನೇ ನೋಡಿದರು. ಮುಖ ಬಿಳಿಚಿತು.

"ನೆಗೊರೊ-ಸಾನ್..." ಈಗ 'ಸಾನ್' ಎನ್ನುವ ಮರ್ಯಾದೆ ನೆನಪಾಯಿತು! "ಅರ್ಧ ಕೊಡಿ... ಅರ್ಧ ಸಾಕು!"

"ಅರ್ಧ ಕೊಟ್ರೆ ಇಬ್ಬರೂ ಸಾಯ್ತೀರಿ. ಮೀಟಿಂಗ್‌ನಲ್ಲಿ ನೀವೇ ಹೇಳಿದ್ರಿ."

ನನ್ನ ಕಾಲು ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೇಲೆ ಹೋದೆ.

ಹಿಯೆನ್ ಬದುಕಿದಳು. ಮುಂದಿನ ವಾರ ಹಾಸಿಗೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಪಕ್ಕದ ಗಾಜಿನ ಕೋಣೆಯಲ್ಲಿ ಸೆನ್ಸೇ ಜ್ವರದಿಂದ ಅದುರುತ್ತಿದ್ದರು.

"ಹೊಸ ಡೋಸ್ ಮಾಡೋಕೆ ಆಗಲ್ವಾ, ಡಾಕ್ಟರ್?"

"ಮಾಡೋ ವಿಧಾನ ಗೊತ್ತಿರೋದು ಒಬ್ಬರಿಗೇ." ಅವಳು ಚಮಚದಿಂದ ಗಾಜಿನಾಚೆ ತೋರಿಸಿದಳು. "ಯಾರಿಗೂ ಕಲಿಸಲಿಲ್ಲ, ಮಹಾನುಭಾವರು. ಈಗ ಕೇಳಿದ್ರೆ ಬರೀ ಬಡಬಡಿಸ್ತಾರೆ."

"ಹಾಗಾದ್ರೆ?"

"ದಿನಾ ರಕ್ತ ತೆಗೀತೀವಿ. ಔಷಧ ಕೊಡದಿದ್ರೆ ರೋಗ ಹೇಗೆ ಬೆಳೆಯುತ್ತೆ ಅಂತ ನೋಡಬೇಕಿತ್ತು. ಪಾಪ, ತಾವಾಗೇ ಒದಗಿ ಬಂದ್ರು."

ಗಾಜಿನಾಚೆ ಸೆನ್ಸೇ ಕೈ ಎತ್ತಿದರು. ಯಾರೂ ಏಳಲಿಲ್ಲ.

"ನಿಮ್ಮ ಸಂಶೋಧನಾ ಪ್ರಬಂಧದಲ್ಲಿ ಅವರ ಹೆಸರು ಬರುತ್ತಾ?" ಕೇಳಿದೆ.

ಹಿಯೆನ್ ಗಂಜಿಯ ಕೊನೆಯ ಗುಟುಕು ಮುಗಿಸಿ ತುಟಿ ಒರೆಸಿಕೊಂಡಳು.

"ಛೆ, ಛೆ! ರೋಗಿಗಳ ಹೆಸರನ್ನ ನಾವು ಅಚ್ಚು ಹಾಕಲ್ಲ, ನೆಗೊರೊ-ಸಾನ್."