ನೋಡೋಣ ಸಾಹೇಬರ ಸ್ಥಳ ಪರಿಶೀಲನೆ

ಯುದ್ಧ ಮುಗಿದು, ಅದರಲ್ಲಿ ಸತ್ತವರ ಕೂಸುಗಳು ಶಾಲೆಗೆ ಹೋಗುವಷ್ಟಾಗಿದ್ದವು. ಐಸ್ ಫ್ಯಾಕ್ಟರಿಯ ಮಾಲೀಕನಿಗೆ ಮಾತ್ರ ಪರಿಹಾರ ಬಂದಿರಲಿಲ್ಲ. ಸೈನ್ಯ ಅವನ ಶೀತಲ ಕೋಣೆಯನ್ನು ಹೆಣ ಇಡಲು ವಶಪಡಿಸಿಕೊಂಡಿತ್ತು. ಬಿಟ್ಟುಕೊಟ್ಟ ಮೇಲೆ ಮೀನಿನವರಾಗಲಿ, ಸೋಡಾದವರಾಗಲಿ ಅವನ ಐಸ್ ಮುಟ್ಟಲಿಲ್ಲ. ಬೇರೆ ಕಡೆ ಹೊಸ ಕೋಣೆ ಕಟ್ಟೋಣವೆಂದರೆ ಪರಿಹಾರ ಬೇಕು. ಅದರ ಅಧಿಕಾರಿಯ ಬಾಯಲ್ಲಿ ಒಂದೇ ಮಾತು: "ನೋಡೋಣ." ಊರಿಗೆಲ್ಲ ಆತ ನೋಡೋಣ ಸಾಹೇಬರು.

ಕಳೆದ ಸಲ ಸಾಹೇಬರು, "ನಿಮ್ಮ ಗಿರಾಕಿಗಳೇ ತಕರಾರು ಮಾಡ್ಲಿಲ್ಲ ಕಣ್ರೀ. ಎಲ್ಲಾ ತಣ್ಣಗೆ ಮಲಗಿದ್ರು, ನಿಮಗ್ಯಾಕೆ ಅವಸರ?" ಎಂದು ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಅವನು ತೀರ್ಮಾನಿಸಿದ್ದು ಅಲ್ಲೇ, ಆ ನಗು ನಿಲ್ಲುವುದರೊಳಗೆ. ಇವನು ಹೋದರೆ ಬರುವವನಾದರೂ ಸಹಿ ಹಾಕಿಯಾನು.

"ಸ್ಥಳ ನೋಡೋಕೆ ಒಬ್ರೇ ಬನ್ನಿ ಸಾರ್, ಕೈ ಬಿಸಿ ಮಾಡ್ತೀನಿ," ಎಂದ. ಕೈ ಬಿಸಿಯಾಗುವ ಕಡೆಗೆ ಯಾರೂ ಹೇಳಿ ಹೋಗುವುದಿಲ್ಲ. ಮಾಲೀಕನೂ ತನ್ನ ಹೆಂಡತಿಗೆ, ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದ.

"ಮಫ್ಲರ್ ಸುತ್ಕೊಳ್ರೀ, ಆ ಊರಲ್ಲಿ ಚಳಿ," ಎಂದಳು ಅವಳು.

"ಚಳಿ ನನಗೇನೇ ಹೊಸದು?"

ಯಂತ್ರವನ್ನು ಬೆಳಗ್ಗೆಯೇ ಚಾಲೂ ಮಾಡಿದ್ದ; ಹೆಪ್ಪುಗಟ್ಟಿದ ಹೆಣ ತಾನು ಸತ್ತ ಹೊತ್ತನ್ನು ಯಾರಿಗೂ ಹೇಳುವುದಿಲ್ಲ. ಗೋಡೆಯೂ ಬಾಗಿಲೂ ಮೊಳದಪ್ಪ. ಒಳಗೆ ಎಷ್ಟು ಕೂಗಿದರೂ ಹೊರಗೆ ಪಿಸುಮಾತೂ ಕೇಳದು.

ಮಧ್ಯಾಹ್ನ ಸಾಹೇಬರು ಅಂಗೈ ಉಜ್ಜುತ್ತ ಒಳಗೆ ಬಂದರು. ಅವನು ಅವರ ಮೇಲಿನ ಕಣ್ಣು ತೆಗೆಯದೆ ಬೆನ್ನಿನಿಂದಲೇ ಬಾಗಿಲು ಒತ್ತಿದ. ಹೊರಗಿನ ಅಗುಳಿ ಖಟ್ಟನೆ ಬಿತ್ತು.

"ಎಲ್ರೀ ದುಡ್ಡು? ತೆಗೀರಿ, ನೋಡೋಣ."

ಐಸ್ ಗಡ್ಡೆ ಎಳೆಯುವ ಕೊಕ್ಕೆ ಅವರ ಕಿವಿಯ ಕೆಳಗೆ ನಾಟಿತು. ಎಳೆದಾಗ ರಕ್ತ ಚಿಲ್ಲನೆ ಹಾರಿ ಗೋಡೆಯ ಹಿಮಕ್ಕೆ ಬಡಿಯಿತು. ಸಾಹೇಬರು ಅವನ ಅಂಗಿಗೆ ಜೋತುಬಿದ್ದು ಒದ್ದಾಡಿದರು, ಕೂಗಿದರು, ಕಚ್ಚಿದರು. ಎರಡನೆಯ ಏಟಿಗೆ ಗಂಟಲು ಹರಿಯಿತು. ತುಟಿಗಳು ಇನ್ನೂ ಏನೋ ಹೇಳಲು ಅದುರುತ್ತಿದ್ದವು.

"ಸಾಕು ಬಿಡಿ ಸಾರ್, ನೋಡಿದ್ದಾಯ್ತು."

ಕೊಕ್ಕೆ ಒರೆಸಿ, ಹಳೆಯ ಅಭ್ಯಾಸದಂತೆ, ಹೊರಗಿನ ಅಗುಳಿಯನ್ನು ಒಳಗಿನಿಂದ ಎತ್ತುವ ಹಿಡಿಗೆ ಕೈ ಚಾಚಿದ. ಸಿಕ್ಕಿದ್ದು ಬರೀ ತಗಡು. ಹಿಡಿ ಇದ್ದ ಜಾಗಕ್ಕೆ ಸೈನ್ಯದವರು ಅಚ್ಚುಕಟ್ಟಾಗಿ ಬೆಸುಗೆ ಹಾಕಿ ಮುಚ್ಚಿದ್ದರು. ಕೊಕ್ಕೆಯ ಮೊನೆ ಅದರ ಮೇಲೆ ಜಾರಿತು, ಮತ್ತೆ ಜಾರಿತು. ಕೋಣೆ ವಾಪಸು ಪಡೆದಾಗ ಅವನು ಗೋಡೆ, ನೆಲ, ಯಂತ್ರ ಎಲ್ಲವನ್ನೂ ಮುಟ್ಟಿ ನೋಡಿದ್ದ, ಬಾಗಿಲು ಮುಚ್ಚಿ ಒಳಗೆ ನಿಂತು ಮಾತ್ರ ನೋಡಿರಲಿಲ್ಲ. ಸೈನ್ಯದವರದೇನು ತಪ್ಪು? ಅವರು ಒಳಗೆ ಮಲಗಿಸಿದವರಲ್ಲಿ ಎದ್ದು ಹೊರಗೆ ಬರುವವರು ಯಾರೂ ಇರಲಿಲ್ಲ.