ಮೊಳೆಯಿಲ್ಲದ ಕುರ್ಚಿ

"ಆ ಮೊಳೆ ಕೀಳ್ಬೇಡಿ ಸಾರ್," ಎಂದಳು ಕೆಲಸದ ಶೇಷಮ್ಮ. ಪೊರಕೆ ಹಿಡಿದು ಬಾಗಿಲ ಹೊರಗೇ ನಿಂತಿದ್ದಳು.

ರುದ್ರೇಶ್ ನಕ್ಕ. ಮೈಸೂರಿನಿಂದ ಬಂದು ವಿನೋಬನಗರದಲ್ಲಿ ಮನೆ ಮಾಡಿದ್ದ ಆರ್ಕಿಟೆಕ್ಟ್ ಅವನು. ಭದ್ರಾವತಿಯಲ್ಲಿ ಮುಚ್ಚಿಹೋದ ಖಾಸಗಿ ಕಾರ್ಖಾನೆಯೊಂದರ ಹರಾಜಿನಲ್ಲಿ ಈ ಕುರ್ಚಿ ಹಿಡಿದಿದ್ದ. ಡೆನ್ಮಾರ್ಕಿನ ಎಂಜಿನಿಯರುಗಳು ಅರವತ್ತರ ದಶಕದಲ್ಲಿ ಹಡಗಿನಲ್ಲಿ ತರಿಸಿದ್ದ ತೇಗದ ಕುರ್ಚಿ. ಮರವನ್ನು ಮರವೇ ಕಚ್ಚಿ ಕೂತ ಕೀಲುಗಳು; ಒಂದು ಮೊಳೆಯೂ ಇರಬಾರದು. ಆದರೆ ಆಸನದ ಅಡಿಯಲ್ಲಿ ಬೆರಳುದ್ದದ ಒಂದು ತುಕ್ಕು ಮೊಳೆ ಇತ್ತು. ಅದರ ಸುತ್ತ ಕಪ್ಪಾದ ದಾರ.

"ಒರಿಜಿನಲ್‌ನಲ್ಲಿ ಮೊಳೆ ಇರಲ್ಲ ಮಾರಾಯ್ತಿ. ಚಂದದ್ದು ಕಂಡ್ರೆ ಸಾಕು, ನಿಮ್ಮೂರೋರು ಮೊಳೆ ಹೊಡೀತಾರೆ."

"ಅದು ಮಾಟಕ್ಕೆ ಕಟ್ಟು ಹಾಕಿರೋದು ಸಾರ್. ಕುಲುಮೇಲಿ ಸುಟ್ಟೋದ ಗಂಡನ ಹೆಣ ಕೊಡಿ ಅಂತ ಮಾಸ್ತಮ್ಮ ಅನ್ನೋಳು ಆ ಕುರ್ಚಿ ಮುಂದೆ ನಿಂತಿದ್ಲು. ಬಸುರಿ. ಕೂತಿದ್ದ ಮ್ಯಾನೇಜರ್ರು ಕೂತ್ಕೋ ಅನ್ಲಿಲ್ಲ. ನಿಂತು ನಿಂತೇ ಬಿದ್ದು ಸತ್ಲು. ಅವಳಣ್ಣ ಮಾಟ ಮಾಡಿಸ್ದ. ಅದ್ರಲ್ಲಿ ಕೂತೋರ ಕಾಲು ಹೋಗುತ್ತೆ. ಇನ್ನೊಬ್ಬರನ್ನ ಕೂರಿಸಿದ್ರೆ ಮಾತ್ರ ಬಿಡುಗಡೆ. ಮ್ಯಾನೇಜರ್ರು ಜವಾನನ್ನ ಕೂರಿಸಿ ಎದ್ದೋದ್ರು. ಆ ಜವಾನ ನಮ್ಮಪ್ಪ, ಹೂವಪ್ಪ. ಅವನು ಯಾರನ್ನೂ ಕೂರಿಸ್ಲಿಲ್ಲ. ಮಂತ್ರವಾದಿ ಕೈಲಿ ಮೊಳೆ ಹೊಡೆಸಿ, ತೆವಳ್ಕೊಂಡೇ ಸತ್ತ."

"ಪೋಲಿಯೋ ಇದ್ದಿರ್ಬೇಕು ಬಿಡು."

ಇಕ್ಕಳದಿಂದ ಎಳೆದ. ಮೊಳೆ ಕಿರುಗುಟ್ಟುತ್ತ ಬಂತು. ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತು. ಮರಕ್ಕೆ ಹಿಂದೆಂದೋ ಹಚ್ಚಿದ್ದ ಅಗಸೆ ಎಣ್ಣೆ ಹಳಸಿದೆ ಅಂದುಕೊಂಡ. ಉಜ್ಜಿದ, ಹೊಳಪು ಕೊಟ್ಟ. ಸಂಜೆ ಹಾಲ್‌ನ ನಡುವೆ ಇಟ್ಟು ಕೂತ.

ಕರೆಂಟು ಹೋಯಿತು.

ಫ್ಯಾನು ನಿಂತ ಮೇಲೂ ಉಸಿರಿನ ಸದ್ದು. ಭಾರದ ಉಸಿರು. ಎದುರಿಗೆ ಯಾರೋ ನಿಂತಿದ್ದರು. ಬೆವರು, ಕುಲುಮೆಯ ಬೂದಿಯ ವಾಸನೆ. ಕತ್ತಲಿಗಿಂತ ಕಪ್ಪಗೆ ಒಂದು ಹೊಟ್ಟೆ. ಏನನ್ನೂ ಬೇಡಲಿಲ್ಲ. ಅಳಲಿಲ್ಲ. ನಿಂತಿತ್ತು. ಅವನ ಹೆಬ್ಬೆರಳು ತಣ್ಣಗಾಯಿತು. ಹಿಮ್ಮಡಿ. ಮೊಣಕಾಲು. ಏಳಬೇಕು. ಏಳು. ತೊಡೆ ಎಲ್ಲಿ? ಕೈಯಿಂದ ಮುಟ್ಟಿದ. ಮರ ಮುಟ್ಟಿದಂತಿತ್ತು. ಮುಂದಕ್ಕೆ ಬಿದ್ದ.

ಡಾಕ್ಟರು ಸೂಜಿ ಚುಚ್ಚಿದರು, ಸ್ಕ್ಯಾನು ಮಾಡಿಸಿದರು. ನರ ಸರಿಯಿದೆ ಎಂದರು. ಅವನು ತಲೆಯಾಡಿಸಿದ. ದುಃಖವೂ ಕಾಲಿನಷ್ಟೇ ದೂರವಿತ್ತು.

ಮನೆಗೆ ಬಂದ ಮೇಲೆ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆಸಿಕೊಂಡ. ಕಾಲು ಕೆಳಗಿಳಿಬಿಟ್ಟು ಮಂಚದ ಅಂಚಿನಲ್ಲಿ ಕಾದ. ಶೇಷಮ್ಮ ಬಕೆಟ್ಟು ಹಿಡಿದು ಬಂದಳು.

"ಶೇಷಮ್ಮನವರೇ, ಸುಸ್ತಾಗಿದೀರ," ಎಂದ. ಅವಳನ್ನು ಅವನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. "ಒಂಚೂರು ಕೂತ್ಕೊಳ್ಳಿ."

ಅವಳು ಕುರ್ಚಿ ನೋಡಿದಳು. ಅವನ ಮುಖ ನೋಡಿದಳು.

"ಬೇಡ ಸಾರ್. ನಂಗೆ ನಿಂತೇ ಅಭ್ಯಾಸ."

ನೆಲ ಒರೆಸತೊಡಗಿದಳು. ಒದ್ದೆ ಬಟ್ಟೆ ಕುರ್ಚಿಯ ಸುತ್ತ ಬಂತು, ಅವನ ಕಾಲ್ಬೆರಳ ಮೇಲೆ ಹಾದು ಹೋಯಿತು. ಅವನಿಗೆ ಗೊತ್ತಾಗಲಿಲ್ಲ.