ಕುಬಿಹಾಳಕ್ಕೆ ಬಂದ ಸಮುದ್ರ

"ಯಾರ್ ನೀವು? ಯಾರನ್ನ ಕೇಳಿ ನಮ್ಮ ಪಡಸಾಲಿ ಅಗದೀರಿ?"

ಬಾಗಿಲಲ್ಲಿ ನಿಂತ ಮಾದೇವಿಯ ದನಿಗೆ ಆ ಅಪರಿಚಿತ ತಲೆಯೆತ್ತಿದ. ಕೈಯಲ್ಲಿ ಹಾರೆ. ಪಕ್ಕದಲ್ಲಿ ಕಿತ್ತಿಟ್ಟ ನಾಲ್ಕು ಹಾಸುಗಲ್ಲು. ಮೊಣಕೈವರೆಗೆ ಕಪ್ಪು ಮಣ್ಣು.

"ನಾ ಹೊಳೆಪ್ಪ ಅಂತ್ರಿ, ಮಿಶ್ರಿಕೋಟಿಯಾಂವ. ಮೀನಿನ ತೊಟ್ಟಿ ಕಟ್ಟಾಕ ನಿಮ್ಮ ಅಪ್ಪಾರು ಕರಿಸ್ಯಾರ."

"ಕಟ್ಟಾಕ ಕರಿಸ್ಯಾರ. ಅಗ್ಯಾಕ ಅಲ್ಲ."

"ಕೆಳಗ ಏನೈತಿ ಅಂತ ನೋಡದ ಹ್ಯಾಂಗ ಕಟ್ಟೂದ್ರಿ?" ಅವನು ಒಂದು ಹಿಡಿ ಮಣ್ಣೆತ್ತಿ ಅವಳೆದುರು ಹಿಡಿದ. "ಎರಿ ಮಣ್ಣು. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರೀತೈತಿ. ನಿಮ್ಮ ತೊಟ್ಟಿ, ನೀರು, ಮರಳು ಎಲ್ಲಾ ಕೂಡಿ ನಾಕ ಟನ್ ಮ್ಯಾಲ ಆಗತೈತಿ. ಇದರ ಮ್ಯಾಲ ಇಟ್ಟರ ಒಂದ ವರ್ಷದಾಗ ವಾಲತೈತಿ, ಗಾಜು ಸೀಳತೈತಿ. ಸಮುದ್ರ ಸೀದಾ ನಿಮ್ಮ ಅಡಗಿಮನಿಗೆ ಬರತೈತ್ರಿ."

ಮಾದೇವಿಯ ಮುಖ ಕೆಂಪಾಯಿತು. ಆರು ತಿಂಗಳು ಕೂತು ಅವಳು ಬರೆದ ನಕ್ಷೆಯಲ್ಲಿ ಹತ್ತು ಅಡಿ ಉದ್ದದ ತೊಟ್ಟಿಯ ಅಳತೆಯಿತ್ತು, ಉಪ್ಪಿನ ಪ್ರಮಾಣವಿತ್ತು, ಗಾಳಿಯ ನಳಿಗೆಗಳಿದ್ದವು. ನೆಲ ಒಂದನ್ನು ಬಿಟ್ಟು ಎಲ್ಲವೂ ಇತ್ತು. ಹುಟ್ಟಿದಾಗಿನಿಂದ ಓಡಾಡಿದ ನೆಲ...

'ಇವನು ಹೇಳುತ್ತಿರುವುದು ನಿಜ. ಅದಕ್ಕೇ ಇಷ್ಟು ಸಿಟ್ಟು ಬರುತ್ತಿದೆ.'

"ಎಷ್ಟ ಆಳ ಅಗೀಬೇಕು?" ಎಂದಳು, ಅವನ ಮುಖ ನೋಡದೆ.

"ಗಟ್ಟಿ ಗರಸು ನೆಲ ಸಿಗೂತನಾ."

ಅದು ೧೯೮೭ರ ಡಿಸೆಂಬರ್. ಕುಬಿಹಾಳದ ಶಂಭುಲಿಂಗಪ್ಪನವರ ಒಬ್ಬಳೇ ಮಗಳು ಮಾದೇವಿ ಕಾರವಾರದಲ್ಲಿ ಕಡಲ ಜೀವಿಗಳ ಬಗ್ಗೆ ಓದಿ ಎಂ.ಎಸ್ಸಿ. ಮುಗಿಸಿದ್ದಳು. ಅಲ್ಲಿಯೇ ಒಂದು ಕೆಲಸವೂ ಸಿಕ್ಕಿತ್ತು. ಆದರೆ ಹೆಂಡತಿಯನ್ನು ಕಳೆದುಕೊಂಡಿದ್ದ ಅಪ್ಪನಿಗೆ ಮಗಳನ್ನು ಅಷ್ಟು ದೂರ ಬಿಡಲು ಮನಸ್ಸಿರಲಿಲ್ಲ.

"ನಿನಗ ಸಮುದ್ರ ಬೇಕಲ್ಲಾ, ಮಾದಿ? ಸಮುದ್ರಾನ ಮನಿಗೆ ತರಸೂಣು. ನೀ ಮಾತ್ರ ನನ್ನ ಬಿಟ್ಟ ಹೋಗಬ್ಯಾಡ," ಎಂದಿದ್ದರು.

ಅಪ್ಪನ ಕಣ್ಣು ನೋಡಿ ಅವಳು ಹೂಂ ಎಂದಿದ್ದಳು. ಕುಂದಗೋಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದಳು. ಕಡಲು ನೆನಪಾದಾಗ ಮಾತ್ರ ಯಾರಿಗೂ ಹೇಳದೆ ಮಾಳಿಗೆ ಹತ್ತಿ ಜೋಳದ ಹೊಲಗಳನ್ನು ನೋಡುತ್ತ ಕೂತುಬಿಡುತ್ತಿದ್ದಳು.

ಅಜ್ಜಿ ರೇವವ್ವನದು ಬೇರೆಯೇ ಚಿಂತೆ.

"ಲಿಂಗಾ ಕಟ್ಟಿಕೊಂಡವರ ಮನ್ಯಾಗ ಮೀನಾ? ಮಂದಿ ಏನಂದಾರು?"

"ತಿನ್ನಾಕಲ್ಲ ಆಯಿ, ನೋಡಾಕ."

"ನೋಡಾಕ ಮನಿ ಮುಂದ ಎಮ್ಮಿ ಅದಾವಲ್ಲ."

ಹೊಳೆಪ್ಪ ಕಾಳು ತುಂಬುವ ಹಗೇವಿನಂಥ ಗುಂಡಿಯೊಳಗೆ ನಿಂತೇ ನಕ್ಕ. ಮಾದೇವಿಗೂ ನಗು ಬಂತು. ತಡೆದುಕೊಂಡಳು.

ಐದು ಅಡಿಗೆ ಗರಸು ಸಿಕ್ಕಿತು. ಕಲ್ಲು ತುಂಬಿ, ಕಾಂಕ್ರೀಟು ಹಾಕಿ, ಮೇಲೆ ತೊಟ್ಟಿ ಎದ್ದಿತು. ಮೂರು ಕಡೆ ಸಿಮೆಂಟಿನ ಗೋಡೆ, ಎದುರಿಗೆ ಮುಕ್ಕಾಲು ಇಂಚು ದಪ್ಪದ ಗಾಜು. ಗಾಜು ಕೂರಿಸುವ ಅಂಟನ್ನು ಮುಂಬೈಯಿಂದ ತರಿಸಿದರು.

ಹೊಳೆಪ್ಪನಿಗೆ ಮಿಶ್ರಿಕೋಟಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಸಮುದ್ರವನ್ನು ಅವನು ಕಣ್ಣಿಂದ ಕಂಡಿರಲಿಲ್ಲ. ಆದರೆ ಮಾದೇವಿ ಏನು ಹೇಳಿದರೂ 'ಯಾಕ್ರಿ?' ಎಂದು ಕೇಳುತ್ತಿದ್ದ, ಕೇಳಿದ್ದನ್ನು ಮರೆಯುತ್ತಿರಲಿಲ್ಲ.

"ಇದರೊಳಗ ಕಬ್ಬಿಣ ಬ್ಯಾಡ, ತುಕ್ಕ ಹಿಡೀತೈತಿ. ತಾಮ್ರಂತೂ ಒಂದ ಚೂರೂ ಬ್ಯಾಡ. ಉಪ್ಪನೀರಾಗ ತಾಮ್ರ ಕರಗಿತು ಅಂದ್ರ ಮೀನಿಗೆ ವಿಷ."

"ಹೌದ್ರಿ. ಸಮುದ್ರದ ನೀರ ತರೂ ಪೀಪಾಯಿ ತೊಳ್ಯಾಕ ಸಾಬೂನು?"

"ಸಾಬೂನೂ ಬ್ಯಾಡ."

"ಅಂದ್ರ ಮೀನಿಗೆ ಜಳಕ ಇಲ್ಲ," ಎಂದ ಅವನು ಗಂಭೀರವಾಗಿ. ಈ ಸಲ ಮಾದೇವಿ ನಗು ತಡೆಯಲಿಲ್ಲ.

ಹೊಸ ಸಿಮೆಂಟಿನ ಸುಣ್ಣ ಬಿಡಲೆಂದು ಬಾವಿ ನೀರು ತುಂಬಿ, ವಾರಕ್ಕೊಮ್ಮೆ ಚೆಲ್ಲಿ, ಮತ್ತೆ ತುಂಬಿದರು. ಕರೆಂಟು ಹೋದರೆ ಗಾಳಿ ಯಂತ್ರ ನಿಲ್ಲುತ್ತದೆ, ಮೀನು ಸಾಯುತ್ತವೆ... ಮಾದೇವಿಗೆ ಅದೇ ದೊಡ್ಡ ಭಯ. ಹೊಳೆಪ್ಪ ಎರಡು ದಿನ ಯೋಚಿಸಿ ಟ್ರ್ಯಾಕ್ಟರಿನ ಹಳೆಯ ಟ್ಯೂಬು ತಂದ. ಅದಕ್ಕೆ ಗಾಳಿ ತುಂಬಿ, ಸಣ್ಣ ನಳಿಗೆ ಹಚ್ಚಿ, ಗಾಳಿ ಸಣ್ಣಗೆ ಹೊರಬರುವಷ್ಟೇ ತಿರುಪಿನಿಂದ ಬಿಗಿದ. ನೀರಿನ ತಳದಿಂದ ಗುಳ್ಳೆಗಳು ಒಂದೊಂದಾಗಿ ಏಳತೊಡಗಿದವು. ಮಧ್ಯಾಹ್ನ ಹಚ್ಚಿದ್ದು ದೀಪ ಹಚ್ಚುವ ಹೊತ್ತಿನವರೆಗೂ ನಿಲ್ಲಲಿಲ್ಲ.

ಎಂ.ಎಸ್ಸಿ. ಓದಿದ ಮಾದೇವಿ ಆ ಗುಳ್ಳೆಗಳನ್ನೇ ನೋಡುತ್ತ ನಿಂತಳು. 'ಇದು ನನಗೆ ಹೊಳೆಯಲೇ ಇಲ್ಲವಲ್ಲ...'

ಶಾಲೆ ಬಿಟ್ಟ ಕೂಡಲೇ ಓಡೋಡಿ ಬಸ್ಸು ಹಿಡಿಯುತ್ತಿದ್ದುದು ತೊಟ್ಟಿಗಾಗಿಯೋ ಅವನಿಗಾಗಿಯೋ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಹೆದರಿಕೆಯಿತ್ತು.

ಮಾರ್ಚ್ ತಿಂಗಳ ಒಂದು ರವಿವಾರ, ಅಂಕೋಲೆಯ ಕಡಲಿನಿಂದ ನೀರು ತರಲು ನಾಲ್ಕೇ ದಿನ ಇರುವಾಗ, ಅವಳು ಒಳಗೆ ಬಂದರೆ ಹೊಳೆಪ್ಪ ತೊಟ್ಟಿಯ ಅಂಚಿಗೆ ಆನಿಸಿ ಪೈಪು ಕತ್ತರಿಸುತ್ತಿದ್ದ.

ತಾಮ್ರದ ಪೈಪು.

"ಏನಿದು?" ಎಂದಳು ಮಾದೇವಿ. "ನೂರ ಸಲ ಹೇಳೇನಿ, ತಾಮ್ರ ಬ್ಯಾಡ ಅಂತ."

"ಇದು..."

"ಹೊಳೆಪ್ಪ ಅಂತ ಹೆಸರ ಇಟ್ಟಕೊಂಡ್ರ ಸಮುದ್ರ ತಿಳೀತೈತೇನು? ಪಂಪಸೆಟ್ ರಿಪೇರಿ ಮಾಡೋರ ಕೈಯಾಗ ಇದನ್ನ ಕೊಟ್ಟದ್ದ ನಮ್ಮ ತಪ್ಪು."

ಪಡಸಾಲೆಯ ಹಾಸುಗಲ್ಲು ಕೂರಿಸುತ್ತಿದ್ದ ಇಬ್ಬರು ಗೌಂಡಿಗಳು ಕೆಲಸ ನಿಲ್ಲಿಸಿ ನೋಡಿದರು. ಹೊಳೆಪ್ಪ ಗರಗಸವನ್ನು ಚೀಲಕ್ಕೆ ಹಾಕಿದ. ಕೈ ತೊಳೆದುಕೊಂಡ.

"ಇದು ಯಾತಕ್ಕ ಅಂತ ಒಂದ ಮಾತ ಕೇಳಬಹುದಿತ್ರಿ," ಎಂದ ಮೆಲ್ಲಗೆ. "ಇಲ್ಲಿ ನನ್ನ ಕೆಲಸ ಮುಗದೈತಿ. ಬರ್ತೇನ್ರಿ."

ಮರುದಿನ ಬೆಳಿಗ್ಗೆ ರೇವವ್ವ ಬಚ್ಚಲ ಮನೆಯಿಂದ ಕೂಗಿದಳು.

"ಮಾದಿ, ಆ ಹುಡುಗ ಎಲ್ಲೆ? ನೀರ ಕಾಸೂ ತಾಮ್ರದ ಬಂಬು ಸೋರತೈತಿ ಅಂತ ಹೇಳಿದ್ದೆ. ಮಿಶ್ರಿಕೋಟಿಯಿಂದ ಪೈಪು ತಂದು ಹಾಕಿಕೊಡ್ತೇನಿ ಅಂದಿದ್ದ, ಪಾಪ."

ಮಾದೇವಿಯ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನಿಂತಿತು.

'ಅಯ್ಯೋ... ನಾನೇನು ಮಾಡಿಬಿಟ್ಟೆ?'

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಅವನು ಬರಬಹುದೆಂದು ಕಾದಳು. ಬರಲಿಲ್ಲ. ಗುರುವಾರ ಶಾಲೆಗೆ ರಜೆ ಹಾಕಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಮಿಶ್ರಿಕೋಟಿಗೆ ಹೋದಳು.

ಅಂಗಡಿಗೆ ಬೀಗ. ಹಿಂದಿನ ಮನೆಯಲ್ಲಿ ಹೊಳೆಪ್ಪನ ಅಕ್ಕ ಮಹಾದೇವಕ್ಕ ರೊಟ್ಟಿ ಬಡಿಯುತ್ತಿದ್ದಳು.

"ನೀವ ಏನು ಆ ಮೀನಿನ ಮನಿ ಸಾಲಿ ಕಲಿಸೂ ಬಾಯಾರು? ಬರ್ರಿ, ಒಳಗ ಬರ್ರಿ. ಅಂವ ನಿನ್ನೇನ ಲಾರಿ ತಗೊಂಡ ಅಂಕೋಲಾಕ್ಕ ಹೋಗ್ಯಾನ. ನಿಮ್ಮ ನೀರ ತರಾಕ."

"ನನ್ನ ಮ್ಯಾಲ ಸಿಟ್ಟ ಇಲ್ಲೇನ್ರಿ?"

"ಐತಿ. ಎರಡ ದಿನ ಸರೀತ್ನಾಗಿ ಉಂಡಿಲ್ಲ. ಆದ್ರ ನೀರ ತರ್ತೇನಿ ಅಂತ ಮಾತ ಕೊಟ್ಟೇನಿ ಅಂದ." ಮಹಾದೇವಕ್ಕ ಹಿಟ್ಟಿನ ಕೈ ಕೊಡವಿಕೊಂಡಳು. "ಹನ್ನೆರಡ ಹೊಸಾ ಪೀಪಾಯಿ ಮೂರ್ಮೂರ ಸಲ ತೊಳದಾನ್ರಿ. ನಾ ಸಾಬೂನ ಕೊಟ್ಟರ ಕೈಯಾಗಿಂದ ಕಸಗೊಂಡ. 'ಆಕಿ ಸಾಬೂನ ಬ್ಯಾಡ ಅಂದಾಳಬೇ' ಅಂತ."

ಆಕಿ...

ಎದುರಿಗೆ 'ನೀವು', ಮನೆಯಲ್ಲಿ 'ಆಕಿ'. ಮಾದೇವಿಯ ಎದೆಯಲ್ಲಿ ಏನೋ ಸಡಿಲವಾಯಿತು. ಮಹಾದೇವಕ್ಕ ಕೊಟ್ಟ ಬಿಸಿ ರೊಟ್ಟಿ ಬೆಣ್ಣೆಯನ್ನು ಅವಳು ಎರಡು ದಿನದ ಹಸಿವೆಲ್ಲ ಒಟ್ಟಿಗೆ ಬಂದವಳಂತೆ ತಿಂದಳು.

ಅವಳು ಕುಬಿಹಾಳಕ್ಕೆ ಮರಳಿದ ಸ್ವಲ್ಪ ಹೊತ್ತಿಗೇ ಲಾರಿ ಮನೆಯೆದುರು ನಿಂತಿತು. ಹೊಳೆಪ್ಪ ಇಳಿದ. ಅಂಗಿಯ ಮೇಲೆಲ್ಲ ಉಪ್ಪಿನ ಬಿಳಿ ಗೆರೆ. ಅವಳತ್ತ ನೋಡದೆ ಪೀಪಾಯಿಗೆ ನಳಿಗೆ ಹಚ್ಚಿದ. ನೀರು ತೊಟ್ಟಿಗೆ ಬಿತ್ತು. ಅದರ ಜೊತೆಗೆ ಆ ವಾಸನೆ...

ಮಾದೇವಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ತುಂಬಿಬಂತು.

"ತಪ್ಪಾತ್ರಿ," ಎಂದಳು. "ಮಂದಿ ಮುಂದ ಹಾಂಗ ಅನ್ನಬಾರದಿತ್ತು. ಮಂದಿ ಮುಂದನ ಹೇಳ್ತೇನಿ, ತಪ್ಪು ನಂದು."

ಲಾರಿಯ ಮೇಲಿದ್ದ ಆಳುಗಳು ಕೇಳಿಸದವರಂತೆ ಮುಖ ತಿರುಗಿಸಿದರು. ಹೊಳೆಪ್ಪ ನಳಿಗೆಯನ್ನು ಇನ್ನೊಂದು ಪೀಪಾಯಿಗೆ ಹಚ್ಚಿದ.

"ನಿನ್ನೆ ಮೊದಲನೇ ಸಲ ಸಮುದ್ರ ನೋಡಿದ್ನಿರಿ," ಎಂದ. "ಎರಡ ತಾಸು ದಂಡಿಗೆ ಕುಂತಿದ್ದೆ. ಹೋಗೂ ಮುಂದ ಹೊಟ್ಟಿ ತುಂಬ ಸಿಟ್ಟಿತ್ತು. ಅದನ್ನ ನೋಡಿದ ಮ್ಯಾಲ, ಇಷ್ಟ ದೊಡ್ಡದನ್ನ ಬಿಟ್ಟ ಬಂದು ಆಕಿ ಹತ್ತ ಫೂಟಿನಾಗ ಹ್ಯಾಂಗ ಇದ್ದಾಳು ಅಂತ ಅನಿಸ್ತು. ಸಿಟ್ಟ ಅಲ್ಲೇ ಹೋತು."

ಮಾದೇವಿ ಅವನತ್ತ ತಿರುಗಿದಳು. ಅಪ್ಪನಿಗೂ ಹೇಳದ ಮಾತು ಇದು. ಯಾರೂ ಕೇಳಿರಲಿಲ್ಲ. ಇವನು ಕೇಳದೆಯೇ ತಿಳಿದುಕೊಂಡಿದ್ದ.

ಸಂಜೆಯ ಹೊತ್ತಿಗೆ ತೊಟ್ಟಿ ತುಂಬಿತು. ಶಂಭುಲಿಂಗಪ್ಪನವರು ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ರೇವವ್ವ ಕಣ್ಣು ಕಿರಿದು ಮಾಡಿ, ನೀರಿನೊಂದಿಗೆ ಬಂದಿದ್ದ ಒಂದು ಸಣ್ಣ ಸಿಗಡಿಯನ್ನು ಎಲ್ಲರಿಗಿಂತ ಮೊದಲು ಕಂಡಳು.

"ಅಯ್ಯ, ಕೂಸು ಬಂದೈತಿ ನೋಡ್ರಿ. ಅದಕ್ಕ ಉಣ್ಣಾಕ ಏನ ಕೊಡಬೇಕು?"

ಅಪ್ಪ, ಅಜ್ಜಿ ಇಬ್ಬರೂ ಸಿಗಡಿಯ ಗುಂಗಿನಲ್ಲಿರುವಾಗ ಹೊಳೆಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮಾದೇವಿ ಬಾಗಿಲಿಗೆ ಒರಗಿ ನಿಂತಳು.

"ನೀರು ಹದಾ ಆಗಾಕ ಒಂದೂವರಿ ತಿಂಗಳ ಬೇಕು," ಎಂದಳು. "ಆಮ್ಯಾಲ ಮೀನ ತರೂದು."

"ಯಾವ ಮೀನ ಅಂತ ನನಗ ತಿಳ್ಯಾಂಗಿಲ್ರಿ. ನೀವ ಬರಬೇಕಾಗತೈತಿ."

"ಮೂರ ತಿಂಗಳಿಗೊಮ್ಮೆ ಹೊಸಾ ನೀರೂ ತರಬೇಕು."

"ಅದಕ್ಕೂ ಬರ್ರಿ. ಹೋದಾಗೊಮ್ಮೆ ನಾಕ ದಿನಾ ಅಲ್ಲೇ ಇದ್ದು, ನಿಮ್ಮ ಸಮುದ್ರ ನೋಡಕೊಂಡ ಬರೂಣು."

"ಇಬ್ಬರ ಕೂಡಿ ಲಾರ್ಯಾಗ ಹೋದ್ರ ಊರ ಮಂದಿ ಏನಂದಾರು?"

ಹೊಳೆಪ್ಪ ಲೋಟ ಕೆಳಗಿಟ್ಟ. ಅವನ ಕಿವಿಗಳು ಕೆಂಪಾಗಿದ್ದವು.

"ಲಗ್ನಾ ಮಾಡಿಕೊಂಡ ಹೋದ್ರ ಏನೂ ಅನ್ನೂದಿಲ್ರಿ."

ಒಳಗಿನಿಂದ ಶಂಭುಲಿಂಗಪ್ಪನವರ ದನಿ ಬಂತು.

"ಮಾದಿ, ಹುಡುಗ ಏನೋ ಕೇಳಾಕತ್ತಾನ. ಉತ್ತರಾ ಕೊಡು. ಕೊಟ್ಟ ಮ್ಯಾಲ ನನಗ ಹೇಳು, ನಾ ಏನೂ ಕೇಳಸ್ಕೊಂಡಿಲ್ಲ."

ಮಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಟ್ಟೆಯ ಇನ್ನೊಂದು ತುದಿಗೆ ಬಂದು ಕೂತಳು.

"ಲಾರ್ಯಾಗ ಕಿಡಕಿ ಬಾಜು ನಾ ಕುಂದರಾಕಿ," ಎಂದಳು.

"ಕುಂದರ್ರಿ."

"ಕುಂದರ್ರಿ ಅಲ್ಲ. ಕುಂದರು ಅನ್ನು."

ಹೊಳೆಪ್ಪ ಅವಳನ್ನು ನೋಡಿದ. ನೋಡುತ್ತಲೇ ಉಳಿದ.

"ಕುಂದರು, ಮಾದೇವಿ," ಎಂದ.